ಬ್ಯಾಟರಿ ಬದಲಿಸುವ ಮೊದಲು ಆಲ್ಟರ್ನೇಟರ್ ನೋಡಿ

ಮಳೆಗಾಲದಲ್ಲಿ ಜೆ.ಪಿ. ನಗರದ ಯಾವುದೇ ಅಪಾರ್ಟ್‌ಮೆಂಟಿಗೆ ಹೋಗಿ, ಬೆಳಗ್ಗೆ ಸ್ಟಾರ್ಟ್ ಆಗದ ಕಾರೊಂದು ಸಿಕ್ಕೇ ಸಿಗುತ್ತೆ. ಸುತ್ತ ನಿಂತವರ ತೀರ್ಪು ಒಂದೇ: "ಬ್ಯಾಟರಿ ಹೋಯ್ತು, ಹೊಸದು ಹಾಕ್ಸಿ." ಸಾವಿರಾರು ರೂಪಾಯಿ ಕೊಡುವ ಮೊದಲು ಬಾನೆಟ್ ಒಳಗಿನ ಲೆಕ್ಕ ತಿಳಿದುಕೊಳ್ಳೋಣ.

ಬ್ಯಾಟರಿಯ ಮುಖ್ಯ ಕೆಲಸ ಇಂಜಿನ್ ಸ್ಟಾರ್ಟ್ ಮಾಡುವುದು. ಆಮೇಲೆ ಹೆಡ್‌ಲೈಟ್, ವೈಪರ್, ಬ್ಲೋವರ್‌ಗೆಲ್ಲ ಕರೆಂಟ್ ಕೊಡುವುದು ಆಲ್ಟರ್ನೇಟರ್. ಇಂಜಿನ್ನಿನ ಬೆಲ್ಟ್ ಅದನ್ನು ತಿರುಗಿಸುತ್ತದೆ. ಹುಟ್ಟುವ ಪರ್ಯಾಯ ವಿದ್ಯುತ್ತನ್ನು ಡಯೋಡ್‌ಗಳು ನೇರ ವಿದ್ಯುತ್ತಾಗಿಸುತ್ತವೆ. ಲೋಡ್ ಹೆಚ್ಚಾದಾಗ ರೆಗ್ಯುಲೇಟರ್ ಒಳಗಿನ ಸುರುಳಿಗೆ ಹೆಚ್ಚು ಕರೆಂಟ್ ಕಳಿಸಿ, ವೋಲ್ಟೇಜನ್ನು 14ರ ಆಸುಪಾಸಿನಲ್ಲೇ ಹಿಡಿದಿಡುತ್ತದೆ. ಆಲ್ಟರ್ನೇಟರ್ ಅಂದ್ರೆ ಸಂಬಳ, ಬ್ಯಾಟರಿ ಅಂದ್ರೆ ಉಳಿತಾಯ ಖಾತೆ.

ತೊಂದರೆ ಏನೆಂದರೆ, ಈ ಸಂಬಳ ಇಂಜಿನ್ನಿನ ವೇಗವನ್ನು ಅವಲಂಬಿಸಿದೆ. ಸಂಜೆ ಮಳೆಯಲ್ಲಿ ಸಿಲ್ಕ್ ಬೋರ್ಡ್ ಹತ್ತಿರ ನಿಂತಿದ್ದೀರಿ ಅಂದುಕೊಳ್ಳಿ. 55 ವ್ಯಾಟಿನ ಎರಡು ಹ್ಯಾಲೊಜೆನ್ ಬಲ್ಬುಗಳಿಗೇ ಸುಮಾರು 8 ಆಂಪಿಯರ್ ಬೇಕು. ಬ್ಲೋವರ್, ವೈಪರ್, ಹಿಂದಿನ ಗಾಜಿನ ಡಿಫಾಗರ್, ರೇಡಿಯೇಟರ್ ಫ್ಯಾನ್ ಸೇರಿದರೆ 40 ದಾಟಬಹುದು. ಐಡಲ್‌ನಲ್ಲಿ ಆಲ್ಟರ್ನೇಟರ್ ತನ್ನ ಪೂರ್ಣ ಸಾಮರ್ಥ್ಯದ ಅರ್ಧವನ್ನೂ ಕೊಡದಿರಬಹುದು. ಕೊರತೆ ಬಿದ್ದದ್ದು ಉಳಿತಾಯದಿಂದ ಹೋಗುತ್ತೆ. ಮರುದಿನ ಜಯನಗರ 4ನೇ ಬ್ಲಾಕ್‌ವರೆಗೆ ಹೋಗಿಬಂದರೆ ಅದು ತುಂಬುವುದಿಲ್ಲ. ಅರೆಬರೆ ಚಾರ್ಜಿನಲ್ಲೇ ಉಳಿದ ಬ್ಯಾಟರಿಯ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಅದರ ಆಯಸ್ಸೂ ಕಡಿಮೆಯಾಗುತ್ತೆ.

ಎಸ್.ಪಿ. ರಸ್ತೆಯಲ್ಲಿ ಸಿಗುವ ಸಾಧಾರಣ ಮಲ್ಟಿಮೀಟರ್ ಸಾಕು. ಕಾರು ರಾತ್ರಿಯಿಡೀ ನಿಂತ ಮೇಲೆ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಭರ್ತಿ, 12.2 ಅಂದರೆ ಹೆಚ್ಚುಕಡಿಮೆ ಅರ್ಧ. ಈಗ ಕಾರನ್ನು ತೆರೆದ ಜಾಗದಲ್ಲಿ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಹಾಕಿ ಸ್ಟಾರ್ಟ್ ಮಾಡಿ: 13.8ರಿಂದ 14.5 ಬರಬೇಕು. ಲೈಟು, ಬ್ಲೋವರ್ ಎಲ್ಲ ಹಾಕಿದಾಗ 12ರ ಚಿಲ್ಲರೆಗೆ ಇಳಿದರೆ ಬ್ಯಾಟರಿ ಖಾಲಿಯಾಗುತ್ತಿದೆ ಎಂದರ್ಥ. ಇನ್ನೊಬ್ಬರು ಆಕ್ಸಿಲರೇಟರ್ ಒತ್ತಿ 2000 ಆರ್‌ಪಿಎಂ ತಂದಾಗ 14ಕ್ಕೆ ಏರಿದರೆ ಆಲ್ಟರ್ನೇಟರ್ ಬಹುಪಾಲು ಸರಿಯಿದೆ, ಕೊರತೆ ಐಡಲ್‌ನದ್ದು. ಏರದಿದ್ದರೆ ಬೆಲ್ಟ್, ವೈರಿಂಗ್, ಆಲ್ಟರ್ನೇಟರ್ ತೋರಿಸಿ. ಹೊಸ ಬ್ಯಾಟರಿ ಹಾಕಿದರೂ ಅದೇ ಗತಿ. ಕೆಲವು ಹೊಸ ಕಾರುಗಳ ಕಂಪ್ಯೂಟರ್ ಇಂಧನ ಉಳಿಸಲು ವೋಲ್ಟೇಜನ್ನು ತಾನೇ ಇಳಿಸುವುದುಂಟು, ಅಂಥವನ್ನು ಸರ್ವಿಸ್ ಸೆಂಟರಿನಲ್ಲೇ ಪರೀಕ್ಷಿಸಿ.

ಇಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಕಿತ್ತು ನೋಡುವ ಹಳೇ ಪದ್ಧತಿ ಮಾತ್ರ ಬೇಡವೇ ಬೇಡ. ಆಗ ಏಳುವ ವೋಲ್ಟೇಜ್ ಕಾರಿನ ಕಂಪ್ಯೂಟರನ್ನೇ ಸುಡಬಹುದು.

ಸಿಗ್ನಲ್‌ನಲ್ಲಿ ಡಿಫಾಗರ್ ಆರಿಸಿ, ಬ್ಲೋವರ್ ತಗ್ಗಿಸಿ. ಹೆಡ್‌ಲೈಟ್, ವೈಪರ್ ಹಾಗೇ ಇರಲಿ. ವಾರಕ್ಕೊಮ್ಮೆ ಕನಕಪುರ ರಸ್ತೆಯಲ್ಲಿ ಮುಕ್ಕಾಲು ಗಂಟೆ ಓಡಿಸಿಕೊಂಡು ಬನ್ನಿ. ಖಾತೆಗೆ ಸ್ವಲ್ಪ ಜಮಾ ಆಗಲಿ.