ಸ್ಟೀರಾಯ್ಡ್ ಭಯ: ಅಳತೆ ತಪ್ಪಿದ ಅಂಜಿಕೆ

‘ಡಾಕ್ಟ್ರೇ, ಇದರಲ್ಲಿ ಸ್ಟೀರಾಯ್ಡ್ ಇದೆಯಂತಲ್ಲ?’ ಮಗುವಿನ ಅಸ್ತಮಾಕ್ಕೆ ಇನ್ಹೇಲರ್ ಬರೆದುಕೊಟ್ಟ ವೈದ್ಯರಿಗೆ ಎದುರಾಗುವ ಮೊದಲ ಪ್ರಶ್ನೆ ಬಹುತೇಕ ಇದೇ. ಕೇಳುವ ತಾಯಿಯ ಆತಂಕ ಸುಳ್ಳಲ್ಲ. ಸ್ಟೀರಾಯ್ಡ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿ ಮುಖ ಊದಿಕೊಂಡವರನ್ನು, ಮೂಳೆ ಸವೆದವರನ್ನು, ಸಕ್ಕರೆ ಕಾಯಿಲೆಗೆ ಬಿದ್ದವರನ್ನು ಆಕೆ ಕಂಡಿರಬಹುದು. ಆದರೆ ಅದೇ ಮನೆಯಲ್ಲಿ, ಉಬ್ಬಸ ಜೋರಾದ ರಾತ್ರಿ, ಚೀಟಿಯಿಲ್ಲದೆ ಮೆಡಿಕಲ್ ಸ್ಟೋರಿನಿಂದ ತಂದ ‘ದಮ್ಮಿನ ಗುಳಿಗೆ’ಯನ್ನು ಯಾರೂ ಪ್ರಶ್ನಿಸುವುದಿಲ್ಲ. ‘ಒಂದು ಇಂಜೆಕ್ಷನ್ ಹಾಕಿಬಿಡಿ’ ಎಂದು ಕೇಳಿ ಹಾಕಿಸಿಕೊಳ್ಳುವುದೂ ಉಂಟು. ಆ ಗುಳಿಗೆಯಲ್ಲಿ, ಆ ಸೂಜಿಯಲ್ಲಿ ಇರುವುದು ಎಷ್ಟೋ ಸಲ ಸ್ಟೀರಾಯ್ಡೇ. ನಮಗೆ ಅಂಜಿಕೆ ಇರುವುದು ತಪ್ಪಲ್ಲ. ಅದರ ಅಳತೆ ತಪ್ಪಿದೆ, ಅದು ಇರಬೇಕಾದ ಜಾಗವೂ ತಪ್ಪಿದೆ.

ಲೆಕ್ಕ ನೋಡೋಣ. 5 ಮಿಲಿಗ್ರಾಂನ ಒಂದು ಪ್ರೆಡ್ನಿಸೊಲೋನ್ ಮಾತ್ರೆಯೆಂದರೆ 5,000 ಮೈಕ್ರೋಗ್ರಾಂ. ಅಸ್ತಮಾ ಕೆರಳಿದಾಗ ದೊಡ್ಡವರಿಗೆ ದಿನಕ್ಕೆ 40 ಮಿಲಿಗ್ರಾಂವರೆಗೂ ಕೊಡುವುದುಂಟು. ಅದು 40,000 ಮೈಕ್ರೋಗ್ರಾಂ. ಬುಡೆಸೊನೈಡ್ ಇನ್ಹೇಲರಿನ ಕಡಿಮೆ ಡೋಸ್ ದೊಡ್ಡವರಿಗೆ ದಿನಕ್ಕೆ 200ರಿಂದ 400 ಮೈಕ್ರೋಗ್ರಾಂ ಮಾತ್ರ. ಎರಡೂ ಒಂದೇ ಔಷಧವಲ್ಲ, ತೂಕಕ್ಕೆ ತೂಕ ಹಿಡಿದರೆ ಬುಡೆಸೊನೈಡ್ ಹೆಚ್ಚು ಪ್ರಬಲ. ಹಾಗಾಗಿ ಇಷ್ಟು ಪಟ್ಟು ಎಂದು ನೇರವಾಗಿ ಭಾಗಿಸಿ ಹೇಳುವಂತಿಲ್ಲ. ದೊಡ್ಡ ವ್ಯತ್ಯಾಸವಿರುವುದು ಔಷಧ ಹೋಗುವ ದಾರಿಯಲ್ಲಿ. ಮಾತ್ರೆ ರಕ್ತಕ್ಕೆ ಸೇರಿ ಇಡೀ ಮೈಯನ್ನು ಸುತ್ತಿ ಶ್ವಾಸನಾಳಕ್ಕೆ ಬರುತ್ತದೆ. ಇನ್ಹೇಲರಿನ ಔಷಧ ನೇರವಾಗಿ ರೋಗವಿರುವಲ್ಲಿಗೇ ಇಳಿಯುತ್ತದೆ. ಗಂಟಲಲ್ಲಿ ಉಳಿದು ಹೊಟ್ಟೆಗೆ ಹೋದ ಬುಡೆಸೊನೈಡಿನ ಸುಮಾರು ಹತ್ತರಲ್ಲಿ ಒಂಬತ್ತು ಪಾಲನ್ನು ಯಕೃತ್ತು ಮೊದಲ ಸುತ್ತಿನಲ್ಲೇ ನಿಷ್ಕ್ರಿಯಗೊಳಿಸುತ್ತದೆ.

1972ರಲ್ಲಿ ಬ್ರಿಟನ್ನಿನಲ್ಲಿ ಬೆಕ್ಲೊಮೆಥಸೋನ್ ಇನ್ಹೇಲರ್ ಬಳಕೆಗೆ ಬಂದಾಗ ವೈದ್ಯಲೋಕ ಅದನ್ನು ಬರಮಾಡಿಕೊಂಡದ್ದು ಇದೇ ಕಾರಣಕ್ಕೆ. ತೀವ್ರ ಅಸ್ತಮಾ ಇದ್ದವರು ಅದುವರೆಗೆ ಸ್ಟೀರಾಯ್ಡ್ ಮಾತ್ರೆಯನ್ನೇ ನಂಬಿ ಬದುಕಬೇಕಿತ್ತು. ಅನೇಕರಿಗೆ ಆ ಮಾತ್ರೆಯನ್ನು ತಗ್ಗಿಸಲು, ಬಿಡಲು ಸಾಧ್ಯವಾಯಿತು. ಅಂದರೆ, ಇಂದು ನಾವು ಯಾವುದನ್ನು ಕಂಡು ಬೆಚ್ಚುತ್ತೇವೋ ಅದು ಸ್ಟೀರಾಯ್ಡ್‌ನ ಹಾನಿಯಿಂದ ಜನರನ್ನು ಪಾರುಮಾಡಿದ ಸಾಧನ.

ಅಸ್ತಮಾ ಎಂದರೆ ಆಗೊಮ್ಮೆ ಈಗೊಮ್ಮೆ ಬಂದು ಹೋಗುವ ಉಬ್ಬಸವಷ್ಟೇ ಅಲ್ಲ. ಉಸಿರು ಸರಾಗವಾಗಿರುವ ದಿನಗಳಲ್ಲೂ ಶ್ವಾಸನಾಳದ ಒಳಪದರ ಉರಿಯೂತದಿಂದ ಬಾತುಕೊಂಡಿರುತ್ತದೆ. ಸಾಲ್ಬುಟಮಾಲ್ ಪಂಪು ಬಿಗಿದ ಸ್ನಾಯುವನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸುತ್ತದೆ. ಒಳಗಿನ ಊತವನ್ನು ಅದು ಮುಟ್ಟುವುದಿಲ್ಲ. ಊತ ಇಳಿಸುವುದು ಸ್ಟೀರಾಯ್ಡ್. ಮಲೆನಾಡಿನವರು ಮುಂಗಾರಿಗೆ ಮೊದಲೇ ಮಾಡು ಹತ್ತಿ ಹೆಂಚು ಕೈಯಾಡಿಸುತ್ತಾರೆ. ಸೋರುವಲ್ಲಿ ಪಾತ್ರೆ ಇಟ್ಟು ಮಳೆಗಾಲ ಕಳೆಯುತ್ತೇನೆ ಎಂದು ಯಾರೂ ಹೊರಡುವುದಿಲ್ಲ. ಬರೀ ಸಾಲ್ಬುಟಮಾಲಿನಲ್ಲಿ ದಿನ ದೂಡುವುದು ಪಾತ್ರೆ ಇಟ್ಟು ಕಾಯುವ ಕೆಲಸ.

ಈ ಕಾಯುವಿಕೆ ಜೀವಕ್ಕೇ ಎರವಾಗಬಹುದು. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ರೋಗಿಗಳ ದಾಖಲೆ ಆಧರಿಸಿ 2000ದಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹಿಂದಿನ ವರ್ಷ ಬಳಸಿದ ಸ್ಟೀರಾಯ್ಡ್ ಇನ್ಹೇಲರಿನ ಪ್ರತಿ ಹೆಚ್ಚುವರಿ ಡಬ್ಬಿಗೂ ಅಸ್ತಮಾ ಸಾವಿನ ಪ್ರಮಾಣ ಶೇ 21ರಷ್ಟು ತಗ್ಗಿತ್ತು. ಬಳಸುತ್ತಿದ್ದವರು ನಿಲ್ಲಿಸಿಬಿಟ್ಟಾಗ, ಮೊದಲ ಮೂರು ತಿಂಗಳಲ್ಲಿ ಸಾವು ಹೆಚ್ಚಿದ್ದೂ ಅದರಲ್ಲಿ ಕಂಡಿತು. ಅಸ್ತಮಾ ಚಿಕಿತ್ಸೆಗೆ ಮಾರ್ಗಸೂಚಿ ನೀಡುವ ಜಾಗತಿಕ ಸಂಸ್ಥೆ ‘ಜಿನಾ’ 2019ರಲ್ಲಿ, ಹದಿಹರೆಯದವರಿಗೂ ದೊಡ್ಡವರಿಗೂ ಸಾಲ್ಬುಟಮಾಲಿನಂತಹ ಔಷಧವೊಂದನ್ನೇ ಕೊಡುವ ಚಿಕಿತ್ಸೆ ಬೇಡ ಎಂದಿತು.

ನಮ್ಮ ದೇಶದ ಸ್ಥಿತಿ ಎದೆ ನಡುಗಿಸುವಂತಿದೆ. 2019ರ ಜಾಗತಿಕ ರೋಗಹೊರೆಯ ಅಂದಾಜಿನಂತೆ ಭಾರತದಲ್ಲಿ ಸುಮಾರು 3.4 ಕೋಟಿ ಅಸ್ತಮಾ ರೋಗಿಗಳಿದ್ದಾರೆ. ಜಗತ್ತಿನ ಅಸ್ತಮಾ ರೋಗಿಗಳಲ್ಲಿ ನಮ್ಮ ಪಾಲು ಶೇ 13ರ ಆಸುಪಾಸು. ಸಾವುಗಳಲ್ಲಿ ಶೇ 40ಕ್ಕೂ ಹೆಚ್ಚು. ಭಾರತದ ಹಲವು ನಗರಗಳಲ್ಲಿ ನಡೆದ ಗ್ಲೋಬಲ್ ಅಸ್ತಮಾ ನೆಟ್‌ವರ್ಕ್ ಸಮೀಕ್ಷೆಯಲ್ಲಿ, ಉಬ್ಬಸವಿದ್ದ ಹತ್ತರಲ್ಲಿ ಎಂಟು ಮಂದಿಗೆ ರೋಗ ಅಸ್ತಮಾ ಎಂದೇ ಯಾರೂ ಹೇಳಿರಲಿಲ್ಲ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬರುವ ಮಕ್ಕಳಲ್ಲಿ 1979ರಲ್ಲಿ ಶೇ 9ರಷ್ಟಿದ್ದ ಅಸ್ತಮಾ 1999ರ ವೇಳೆಗೆ ಶೇ 29.5ಕ್ಕೆ ಏರಿದ್ದನ್ನು ದಾಖಲಿಸಿ ದಶಕಗಳೇ ಕಳೆದವು. ಈಗಲೂ ಮನೆಗಳಲ್ಲಿ ಅದು ‘ಅಲರ್ಜಿ ಕೆಮ್ಮು’. ಮದುವೆಗೆ ಬಂದ ಮಗಳಿದ್ದರೆ ಇನ್ಹೇಲರ್ ಬೀರುವಿನ ಬಟ್ಟೆಯಡಿ ಸೇರುತ್ತದೆ. ‘ಪಂಪ್ ಹಿಡಿದರೆ ಬಿಡೋಕಾಗಲ್ಲ’ ಎಂಬ ಮಾತೂ ಜೊತೆಗಿದೆ. ಇನ್ಹೇಲರ್ ಚಟವಲ್ಲ. ಬಿಟ್ಟಾಗ ಉಬ್ಬಸ ಮರಳುವುದು ರೋಗ ಇನ್ನೂ ಇರುವುದರಿಂದ. ಬಿ.ಪಿ. ಮಾತ್ರೆ ಬಿಟ್ಟಾಗ ರಕ್ತದೊತ್ತಡ ಏರಿದರೆ ಮಾತ್ರೆಯ ಚಟ ಹತ್ತಿತೆಂದು ನಾವು ಹೇಳುತ್ತೇವೆಯೇ?

ಹಾಗಾದರೆ ಇದರಲ್ಲಿ ಅಪಾಯವೇ ಇಲ್ಲವೇ? ಇದೆ, ಮುಚ್ಚಿಡದೆ ಹೇಳಬೇಕು. ಔಷಧ ಗಂಟಲಲ್ಲಿ ಉಳಿದರೆ ದನಿ ಒಡೆಯಬಹುದು, ನಾಲಿಗೆಯ ಮೇಲೆ ಬಿಳಿ ಶಿಲೀಂಧ್ರ ಕಾಣಿಸಬಹುದು. ಹೆಚ್ಚಿನ ಡೋಸನ್ನು ಬಹುಕಾಲ ಬಳಸಿದರೆ ಮೂಳೆ, ಕಣ್ಣಿನ ಮಸೂರ ಮತ್ತು ಅಡ್ರಿನಲ್ ಗ್ರಂಥಿಯ ಮೇಲೆ ಪರಿಣಾಮವಾಗಬಹುದು. ಮಕ್ಕಳ ಎತ್ತರದ ವಿಷಯದಲ್ಲೂ ಉತ್ತರವಿದೆ: ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ನಾಲ್ಕರಿಂದ ಆರು ವರ್ಷ ದಿನಕ್ಕೆ 400 ಮೈಕ್ರೋಗ್ರಾಂ ಬುಡೆಸೊನೈಡ್ ಪಡೆದ ಮಕ್ಕಳು ದೊಡ್ಡವರಾದಾಗ, ಪಡೆಯದವರಿಗಿಂತ ಸರಾಸರಿ 1.2 ಸೆಂಟಿಮೀಟರ್ ಗಿಡ್ಡವಿದ್ದರು. ಇದನ್ನು ತಂದೆತಾಯಿ ತಿಳಿದಿರಬೇಕು. ಹತೋಟಿಯಿಲ್ಲದ ಅಸ್ತಮಾ ತಾನೇ ಬೆಳವಣಿಗೆಯನ್ನು ಕುಂಠಿತಗೊಳಿಸಬಲ್ಲದು, ನಿದ್ದೆ ಕೆಡಿಸುತ್ತದೆ, ಶಾಲೆ ತಪ್ಪಿಸುತ್ತದೆ, ಕೆಲವೊಮ್ಮೆ ಮಗುವನ್ನೇ ಕಸಿಯುತ್ತದೆ ಎಂಬುದನ್ನೂ ತಿಳಿದಿರಬೇಕು. ಇನ್ಹೇಲರನ್ನು ದೂರವಿಡುವುದು ಇದಕ್ಕೆ ಪರಿಹಾರವಾಗದು. ಹತೋಟಿಗೆ ಸಾಕಾಗುವಷ್ಟು ಕನಿಷ್ಠ ಡೋಸ್, ಮಗುವಿನ ಎತ್ತರದ ಮೇಲೆ ಕಣ್ಣು, ಸರಿಯಾದ ಬಳಕೆ: ಮಾಡಬೇಕಾದ್ದು ಇಷ್ಟು.

ಈ ಬಳಕೆಯಲ್ಲೇ ನಾವು ಹೆಚ್ಚು ಎಡವುವುದು. ಒತ್ತುವ ಇನ್ಹೇಲರನ್ನು ಮೊದಲು ಚೆನ್ನಾಗಿ ಅಲುಗಿಸಬೇಕು. ಉಸಿರನ್ನು ಹೊರಗೆ ಬಿಟ್ಟು, ತುಟಿ ಬಿಗಿಹಿಡಿದು, ಉಸಿರೆಳೆಯಲು ತೊಡಗುತ್ತಲೇ ಒತ್ತಿ, ನಿಧಾನವಾಗಿ ಆಳಕ್ಕೆ ಎಳೆದುಕೊಳ್ಳಬೇಕು; ಹತ್ತು ಎಣಿಸುವಷ್ಟು ಹೊತ್ತು ಉಸಿರು ಹಿಡಿಯಬೇಕು. ಹೀಗೆ ಮಾಡದೆ ಸುಮ್ಮನೆ ಒತ್ತಿಕೊಂಡರೆ ಔಷಧದ ಬಹುಪಾಲು ಗಂಟಲಿಗೇ ಬಡಿಯುತ್ತದೆ. ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆಯನ್ನು ಜೋಡಿಸಿದರೆ ಗಂಟಲಿಗೆ ತಾಗುವುದು ತಗ್ಗಿ ಶ್ವಾಸಕೋಶಕ್ಕೆ ಹೆಚ್ಚು ತಲುಪುತ್ತದೆ. ಮಕ್ಕಳಿಗೆ ಅದು ಬೇಕೇ ಬೇಕು, ಎಳೆಯರಿಗೆ ಮಾಸ್ಕ್ ಸಮೇತ. ರೋಟಾಕ್ಯಾಪ್ ಹಾಕುವ ಪುಡಿಯ ಸಾಧನದಲ್ಲಿ ಕ್ರಮವೇ ಬೇರೆ: ಅದರೊಳಕ್ಕೆ ಊದಬಾರದು, ಜೋರಾಗಿ ಎಳೆಯಬೇಕು. ಹೇಳಿಕೊಡುವವರಿಲ್ಲದೆ ಆ ಕ್ಯಾಪ್ಸೂಲನ್ನು ನೀರು ಕುಡಿದು ನುಂಗಿದವರೂ ಇದ್ದಾರೆ. ಯಾವುದೇ ಸಾಧನವಾಗಲಿ, ಕೊನೆಗೆ ಬಾಯಿ ಮುಕ್ಕಳಿಸಿ ಉಗುಳಬೇಕು. ಅರ್ಧ ನಿಮಿಷದ ಈ ಕೆಲಸವೇ ಬಾಯಿಯ ತೊಂದರೆಯನ್ನು ಬಹುಮಟ್ಟಿಗೆ ತಡೆಯುತ್ತದೆ.

ಹುಷಾರಾದೆವೆಂದು ತಾವಾಗಿಯೇ ನಿಲ್ಲಿಸುವುದು ಎರಡನೆಯ ಎಡವು. ಅಸ್ತಮಾ ಎರಡು-ಮೂರು ತಿಂಗಳು ಚೆನ್ನಾಗಿ ಹತೋಟಿಯಲ್ಲಿದ್ದರೆ ವೈದ್ಯರೇ ಡೋಸನ್ನು ಹಂತಹಂತವಾಗಿ ಇಳಿಸುತ್ತಾರೆ. ಅಸ್ತಮಾ ವಾಸಿಯಾಗಲೆಂದು ಮೃಗಶಿರಾ ಮಳೆಯ ಹೊತ್ತಿಗೆ ಹೈದರಾಬಾದಿನ ಮೀನಿನ ಪ್ರಸಾದಕ್ಕೆ ಸಾಲು ನಿಲ್ಲುವವರ ನಂಬಿಕೆಯನ್ನು ನಾನು ಹಳಿಯಲಾರೆ. ಉಸಿರಿಗೆ ಒದ್ದಾಡಿದವರ ಆಸೆ ಅದು. ಆದರೆ ಆ ಭರವಸೆಯಲ್ಲಿ ಇನ್ಹೇಲರ್ ಬಿಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಸಾಲ್ಬುಟಮಾಲ್ ಪದೇ ಪದೇ ಬೇಕಾಗುತ್ತಿದ್ದರೆ ರೋಗ ಕೈಮೀರುತ್ತಿದೆ ಎಂದರ್ಥ. ಒಂದು ವಾಕ್ಯ ಪೂರ್ತಿ ಮಾಡಲಾಗದಷ್ಟು ಏದುಸಿರು ಬಂದರೆ, ತುಟಿ ನೀಲಿಗಟ್ಟಿದರೆ, ಸಾಲ್ಬುಟಮಾಲ್ ಎಳೆದುಕೊಳ್ಳುತ್ತಲೇ ಆಸ್ಪತ್ರೆಗೆ ಧಾವಿಸಬೇಕು.

ಇಷ್ಟನ್ನೂ ರೋಗಿಯ ಹೆಗಲಿಗೇ ಹೊರಿಸುವುದು ನ್ಯಾಯವಲ್ಲ. ಬುಡೆಸೊನೈಡ್ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಆದರೆ ಪಟ್ಟಿಯಲ್ಲಿದ್ದರೆ ಸಾಲದು, ಪ್ರಾಥಮಿಕ ಆರೋಗ್ಯ ಕೇಂದ್ರದ ಕಪಾಟಿನಲ್ಲಿ ವರ್ಷವಿಡೀ ಇರಬೇಕು, ಸ್ಪೇಸರಿನೊಂದಿಗೆ. 2025ರ ವಿಶ್ವ ಅಸ್ತಮಾ ದಿನದ ಆಶಯವೂ ಉಸಿರಿನ ಮೂಲಕ ಕೊಡುವ ಔಷಧ ಎಲ್ಲರಿಗೂ ಸಿಗಲಿ ಎಂಬುದೇ ಆಗಿತ್ತು. ಸ್ಟೀರಾಯ್ಡ್ ಗುಳಿಗೆಗಳ ಚೀಟಿಯಿಲ್ಲದ ಮಾರಾಟಕ್ಕೆ ಕಡಿವಾಣ ಬೀಳಬೇಕು. ಇನ್ಹೇಲರ್ ಕೊಡುವ ಪ್ರತಿ ಕೈ, ವೈದ್ಯರದಾಗಲಿ, ನರ್ಸ್‌ನದಾಗಲಿ, ಔಷಧ ಅಂಗಡಿಯವರದಾಗಲಿ, ಅದನ್ನು ಬಳಸುವುದನ್ನೂ ತೋರಿಸಿಕೊಡಬೇಕು.

‘ಇದರಲ್ಲಿ ಸ್ಟೀರಾಯ್ಡ್ ಇದೆಯಂತಲ್ಲ?’ ಎಂದು ಆ ತಾಯಿ ಕೇಳಲಿ, ಕೇಳಲೇಬೇಕು. ಜೊತೆಗೆ ಇನ್ನೊಂದು ಮಾತನ್ನೂ ಆಕೆ ಸೇರಿಸಲಿ: ‘ನಿಮ್ಮೆದುರೇ ಮಗುವಿಗೆ ಒಮ್ಮೆ ಕೊಡ್ತೀನಿ, ಸರಿಯಾಗಿದೆಯಾ ನೋಡಿ ಡಾಕ್ಟ್ರೇ.’ ಮೊದಲ ಪ್ರಶ್ನೆಯಲ್ಲಿರುವ ಅಂಜಿಕೆಗೆ ಉತ್ತರ ಸಿಗುವುದು ಈ ಎರಡನೆಯ ಮಾತಿನಲ್ಲಿ.