ಐದು ಎಲೆಗಳ ಲೆಕ್ಕ: ಜಾಣ್ಮೆಯಿದ್ದರೆ ಜೂಜು ಜೂಜಲ್ಲವೇ?

ಇಸ್ಪೀಟಿನ ಪೋಕರ್ ಆಡುವ ನಮ್ಮ ಯುವಕರಲ್ಲಿ ಈಚಿನ ವರ್ಷಗಳಲ್ಲಿ ಒಂದು ವಾದ ಬೇರೂರಿದೆ. “ಉಸ್ತಾದ್, ಇದು ಅದೃಷ್ಟದ ಆಟವಲ್ಲ, ಗಣಿತದ ಆಟ. ಯಾವ ಎಲೆ ಬರುವ ಸಾಧ್ಯತೆ ಎಷ್ಟೆಂದು ಲೆಕ್ಕ ಹಾಕಿಯೇ ಹಣ ಹೂಡುತ್ತೇವೆ. ಬುದ್ಧಿಯಿಂದ ಗಳಿಸಿದ್ದು ಜೂಜು ಹೇಗಾದೀತು?” ಈ ಪ್ರಶ್ನೆಗೆ ‘ಹರಾಮ್’ ಎಂಬ ಒಂದೇ ಪದವನ್ನು ನುಡಿದು ಮಿಂಬರಿನಿಂದ ಇಳಿದುಬಿಡುವುದು ಸುಲಭ. ತೀರ್ಪೇನೋ ಸರಿಯೇ. ಆದರೆ ಕೇಳಿದವನು ಲೆಕ್ಕದ ಹೆಸರೆತ್ತಿದ್ದಾನೆ. ಅವನೊಡನೆ ಲೆಕ್ಕಕ್ಕೆ ಕೂರಲು ನಾವು ಹಿಂಜರಿದರೆ, ಧರ್ಮಕ್ಕೆ ಲೆಕ್ಕ ತಿಳಿಯದೆಂದು ಅವನು ತಿಳಿದುಕೊಂಡಾನು. ಆದ್ದರಿಂದ ಆ ಲೆಕ್ಕವನ್ನೇ ಬಿಡಿಸಿ ನೋಡೋಣ. ಲೆಕ್ಕ ಸುಳ್ಳೆಂದು ನಾನು ಹೇಳುವುದಿಲ್ಲ. ಲೆಕ್ಕ ನಿಜವಾಗಿದೆ; ಅದು ನುಡಿಯುವ ಸಾಕ್ಷ್ಯ ಮಾತ್ರ ಆಡುವವನ ಪರವಾಗಿಲ್ಲ.

ಇಸ್ಪೀಟಿನ ಕಟ್ಟಿನಲ್ಲಿ 52 ಎಲೆಗಳು. ಇಸ್ಪೀಟು, ಆಟೀನು, ಡೈಮಂಡು, ಕಳಾವರು ಎಂಬ ನಾಲ್ಕು ಜಾತಿಗಳಲ್ಲಿ ಹದಿಮೂರು ಹದಿಮೂರು. ಪೋಕರಿನಲ್ಲಿ ಐದು ಎಲೆಗಳ ಒಂದು ‘ಕೈ’ ಕೂಡಬೇಕು. ಯಾವ ಕೈ ಅಪರೂಪವೋ ಅದು ದೊಡ್ಡದು. ಐದು ಎಲೆಗಳನ್ನು ಒಂದೊಂದಾಗಿ ಎತ್ತುವುದಾದರೆ ಮೊದಲನೆಯದಕ್ಕೆ 52 ದಾರಿ, ಎರಡನೆಯದಕ್ಕೆ 51, ಹೀಗೆ 48ರವರೆಗೆ. ಈ ಐದನ್ನೂ ಗುಣಿಸಿದರೆ 31,18,75,200. ಎಲೆಗಳು ಯಾವ ಕ್ರಮದಲ್ಲಿ ಬಂದರೂ ಕೈ ಒಂದೇ ಆದುದರಿಂದ, ಐದು ಎಲೆಗಳನ್ನು ಅಡಿಮೇಲು ಮಾಡಬಹುದಾದ 120 ಬಗೆಗಳಿಂದ ಭಾಗಿಸಬೇಕು. ಉಳಿಯುವುದು 25,98,960. ಐದು ಎಲೆಗಳ ಕೈಗಳು ಒಟ್ಟು ಇಷ್ಟೇ; ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ.

ಇವುಗಳಲ್ಲಿ ಎಲ್ಲರೂ ಕನಸು ಕಾಣುವುದು ‘ರಾಯಲ್ ಫ್ಲಶ್’ ಎಂಬ ಕೈಯನ್ನು. ಒಂದೇ ಜಾತಿಯ ಎಕ್ಕ, ರಾಜ, ರಾಣಿ, ಗುಲಾಮ ಮತ್ತು ಹತ್ತು. ಜಾತಿಗೊಂದರಂತೆ ಇಂತಹ ಕೈಗಳಿರುವುದು ನಾಲ್ಕೇ. ಅಂದರೆ 6,49,740 ಸಲ ಹಂಚಿದಾಗ ಸರಾಸರಿ ಒಮ್ಮೆ. ನಿಮಿಷಕ್ಕೊಂದು ಕೈಯಂತೆ ದಿನಕ್ಕೆ ನಾಲ್ಕು ತಾಸು, ಒಂದು ದಿನವೂ ಬಿಡದೆ ಎಲೆ ಹಂಚುತ್ತ ಕುಳಿತರೆ ಏಳು ವರ್ಷ ಮೀರಿ ಐದು ತಿಂಗಳ ಹೊತ್ತಿಗೆ ಒಂದನ್ನು ನಿರೀಕ್ಷಿಸಬಹುದು. ಅಷ್ಟು ಕಾಲದಲ್ಲಿ ಹುಡುಗನೊಬ್ಬ ಕುರ್‌ಆನ್ ಕಂಠಪಾಠ ಮುಗಿಸಿ, ಪದವಿಯನ್ನೂ ಪಡೆದು, ಕೆಲಸಕ್ಕೆ ಸೇರಿರುತ್ತಾನೆ. ಇನ್ನು ಬರೀ ‘ಫ್ಲಶ್’, ಅಂದರೆ ಕ್ರಮವಿಲ್ಲದಿದ್ದರೂ ಐದೂ ಎಲೆ ಒಂದೇ ಜಾತಿಯವಾಗಿರುವ ಕೈಗಳು 5,108. ಸುಮಾರು 509ಕ್ಕೆ ಒಂದು. ಒಂದೇ ಒಂದು ಜೋಡಿ ಕೂಡಿಬರುವುದು ನೂರಕ್ಕೆ 42 ಸಲ. ಅರ್ಧಕ್ಕಿಂತ ತುಸು ಹೆಚ್ಚು ಸಲ, ನಿಖರವಾಗಿ 13,02,540 ಕೈಗಳಲ್ಲಿ, ಏನೂ ಕೂಡಿಬರುವುದಿಲ್ಲ. ಜಾಹೀರಾತುಗಳಲ್ಲಿ ಎಂದೂ ಕಾಣಿಸದ ಕೈ ಅದು.

ಆದರೆ ಯುವಕರನ್ನು ಕೆಡಿಸುವುದು ರಾಯಲ್ ಫ್ಲಶ್ ಅಲ್ಲ. ಅಷ್ಟು ದೂರದ ಆಸೆಗೆ ಬುದ್ಧಿವಂತರು ಬೀಳುವುದಿಲ್ಲ. ಅವರನ್ನು ಹಿಡಿದಿಡುವುದು ಇನ್ನೇನು ಕೈಗೆ ಬಂತು ಎನಿಸುವ ಕೈ. ಇಂದು ಹೆಚ್ಚಾಗಿ ಆಡುವ ‘ಟೆಕ್ಸಸ್ ಹೋಲ್ಡೆಮ್’ ಎಂಬ ಬಗೆಯಲ್ಲಿ ಪ್ರತಿಯೊಬ್ಬನಿಗೂ ಎರಡು ಗುಟ್ಟಿನ ಎಲೆ. ಎಲ್ಲರಿಗೂ ಸೇರಿದ ಐದು ಎಲೆಗಳನ್ನು ಮೇಜಿನ ಮೇಲೆ ಮೊದಲು ಮೂರು, ಬಳಿಕ ಒಂದು, ಕೊನೆಗೆ ಇನ್ನೊಂದು ಎಂದು ತೆರೆಯುತ್ತಾರೆ. ನಿಮ್ಮ ಕೈಯಲ್ಲಿ ಎರಡು ಆಟೀನು, ತೆರೆದ ಮೂರರಲ್ಲಿ ಇನ್ನೆರಡು ಆಟೀನು ಇವೆಯೆನ್ನಿ. ಇನ್ನೊಂದು ಬಂದರೆ ಫ್ಲಶ್. ನೀವು ಕಾಣದ ಎಲೆಗಳು 47, ಅವುಗಳಲ್ಲಿ ಆಟೀನು 9. ಮುಂದಿನ ಎಲೆಯಲ್ಲೇ ಅದು ಬರುವ ಸಾಧ್ಯತೆ ನೂರಕ್ಕೆ 19; ಉಳಿದ ಎರಡೂ ಎಲೆಗಳನ್ನು ಕಾದರೆ ನೂರಕ್ಕೆ 35. ಆಟ ಬಲ್ಲವನು ಈ ಅಂಕಿಯನ್ನು ಬಾಯಿಪಾಠವಾಗಿ ಬಲ್ಲ. ಮೇಜಿನ ಮೇಲಿನ ಹಣ ಆರುನೂರು, ತಾನು ಹಾಕಬೇಕಾದ್ದು ನೂರು ಎಂದಾದರೆ, ಐದು ಸಲದಲ್ಲಿ ನಾಲ್ಕು ಸಲ ಸೋತರೂ ಒಮ್ಮೆ ಗೆದ್ದಾಗ ಸರಿದೂಗುತ್ತದೆಂದು ಹಾಕುತ್ತಾನೆ. ಗಣಿತದ ಮಟ್ಟಿಗೆ ಅವನು ಮಾಡಿದ್ದು ಸರಿ.

ಸರಿಯಾದ ಆ ಲೆಕ್ಕವೇ ಹೇಳುವ ಇನ್ನೊಂದು ಮಾತನ್ನೂ ಕೇಳಬೇಕು. ಇಂತಹ ಸ್ಥಿತಿಯಲ್ಲಿ ಮುಂದಿನ ಎಲೆಗಾಗಿ ಹತ್ತು ಸಲ ಹಣ ಹಾಕಿದವನಿಗೆ ಹತ್ತೂ ಸಲ ಆಟೀನು ಬಾರದಿರುವ ಸಾಧ್ಯತೆ ನೂರಕ್ಕೆ ಸುಮಾರು 12. ಅಂದರೆ ತಪ್ಪೇ ಮಾಡದ ಎಂಟು ಜನರಲ್ಲಿ ಒಬ್ಬ, ಹತ್ತೂ ಸಲ ಬರಿಗೈಯಲ್ಲಿ ಉಳಿಯುತ್ತಾನೆ. ಹತ್ತು ಸಲ ಬಾರದ ಎಲೆ ಹನ್ನೊಂದನೆಯ ಸಲ ಬಂದೇ ತೀರುತ್ತದೆಂದು ಮನಸ್ಸು ಹೇಳುತ್ತದೆ. ಎಲೆಗಳಿಗೆ ನೆನಪಿಲ್ಲ. ಹನ್ನೊಂದನೆಯ ಸಲವೂ 47ರಲ್ಲಿ 9 ಮಾತ್ರ.

ನನ್ನಲ್ಲಿ ಓದಿ ಹೋದ ಒಬ್ಬ ಯುವಕನ ವಿಷಯ ಹೇಳುತ್ತೇನೆ. ಊರು ಹೆಸರು ಬೇಡ. ಲೆಕ್ಕದಲ್ಲಿ ಬಹಳ ಚುರುಕು. ನಾನು ಮೇಲೆ ಬರೆದ ಅಂಕಿಗಳನ್ನೆಲ್ಲ ಅವನು ನನಗಿಂತ ಬೇಗ ಹೇಳಬಲ್ಲ. ತಂಗಿಯ ನಿಕಾಹಿಗೆಂದು ತಾಯಿ ಚೀಟಿ ಕಟ್ಟಿ ಕೂಡಿಸಿದ್ದ ಹಣ ಮೊಬೈಲಿನ ಮೇಜಿನಲ್ಲಿ ಎರಡು ತಿಂಗಳೊಳಗೆ ಕರಗಿತು. ಆಮೇಲೆ ಸಾಲದ ಆ್ಯಪ್‌ಗಳು ಬಂದವು. ಮನೆಯವರು ಕರೆದುದರಿಂದ ನಾನು ಹೋಗಿದ್ದೆ. ಅವನು ಅತ್ತದ್ದು ಕಡಿಮೆ. ಹೆಚ್ಚಿನ ಹೊತ್ತು ತನ್ನ ಒಂದೊಂದು ನಡೆಯೂ ಹೇಗೆ ಸರಿಯಾಗಿತ್ತೆಂದು ಕಾಗದದ ಮೇಲೆ ಬರೆದು ತೋರಿಸುತ್ತಿದ್ದ. ನಾನು ಪರಿಶೀಲಿಸಿದೆ. ಬಹುಪಾಲು ಸರಿಯಾಗಿಯೇ ಇತ್ತು. ತಾಯಿ ಬಾಗಿಲ ಬಳಿ ನಿಂತು, “ಲೆಕ್ಕ ಸರಿಯಿದ್ದರೆ ದುಡ್ಡೆಲ್ಲಿ ಮಗಾ?” ಎಂದು ಕೇಳಿದರು.

ಆ ತಾಯಿಯ ಪ್ರಶ್ನೆಗೂ ಉತ್ತರ ಲೆಕ್ಕದಲ್ಲಿಯೇ ಇದೆ. ಆರು ಜನ ತಲಾ ಸಾವಿರ ರೂಪಾಯಿ ಹಿಡಿದು ಕುಳಿತರೆನ್ನಿ. ಮೇಜಿನಲ್ಲಿ ಆರು ಸಾವಿರ. ಪ್ರತಿ ಆಟದಲ್ಲೂ ಸೇರುವ ಹಣ ಇನ್ನೂರು, ಆಡಿಸುವವನು ಅದರಲ್ಲಿ ನೂರಕ್ಕೆ ಐದರಂತೆ ಹತ್ತು ರೂಪಾಯಿ ಎತ್ತಿಕೊಳ್ಳುತ್ತಾನೆ ಎಂದು ಭಾವಿಸೋಣ. ನೂರು ಆಟ ಮುಗಿಯುವ ಹೊತ್ತಿಗೆ ಮೇಜಿನಲ್ಲಿ ಉಳಿದಿರುವುದು ಐದು ಸಾವಿರ. ಆರು ಜನರೂ ಮಹಾ ಗಣಿತಜ್ಞರಾಗಿದ್ದರೂ ಆ ಸಾವಿರ ಮರಳಿ ಬಾರದು. ಅಲ್ಲಿ ಯಾರೂ ಬಿತ್ತಲಿಲ್ಲ, ನೇಯಲಿಲ್ಲ, ಮೀನು ಹಿಡಿಯಲಿಲ್ಲ. ಹೊಸದಾಗಿ ಒಂದು ರೂಪಾಯಿಯೂ ಹುಟ್ಟಲಿಲ್ಲ. ಜಾಣನು ಗೆದ್ದು ಎದ್ದನೆಂದರೆ ಆ ಹಣ ಎದುರು ಕುಳಿತ, ಲೆಕ್ಕ ಕಡಿಮೆ ಬಲ್ಲ ಯಾರದೋ ಮನೆಯ ಚೀಟಿ ಹಣ. ಜಾಣ್ಮೆ ಹೆಚ್ಚಿದಷ್ಟೂ ಈ ವರ್ಗಾವಣೆ ಖಚಿತವಾಗುತ್ತದೆ. ಆದ್ದರಿಂದ ‘ಇದು ಜಾಣ್ಮೆಯ ಆಟ’ ಎಂಬ ಮಾತು ನನಗೆ ಸಮರ್ಥನೆಯಾಗಿ ಕೇಳಿಸುವುದಿಲ್ಲ, ತಪ್ಪೊಪ್ಪಿಗೆಯಾಗಿ ಕೇಳಿಸುತ್ತದೆ.

ಕನ್ನಡ ಓದಿದವರಿಗೆ ಇದು ಹೊಸ ಸಂಗತಿಯಲ್ಲ. ಮಹಾಭಾರತದ ಸಭೆಯಲ್ಲಿ ಶಕುನಿ ಅದೃಷ್ಟವನ್ನು ನಂಬಿ ಕುಳಿತವನಲ್ಲ. ಧರ್ಮರಾಯನಿಗೆ ತಿಳಿಯದ ವಿದ್ಯೆ ಅವನಿಗೆ ತಿಳಿದಿತ್ತು. ಕನಕದಾಸರು ‘ನಳಚರಿತ್ರೆ’ಯಾಗಿ ಕನ್ನಡಕ್ಕೆ ತಂದ ನಳನ ಕಥೆಯಂತೂ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಮೂಲದ ಮಹಾಭಾರತದಲ್ಲಿ ಋತುಪರ್ಣ ರಾಜನು ತಾರೆಯ ಮರವೊಂದರ ಎಲೆ ಕಾಯಿಗಳನ್ನು ರಥದಲ್ಲಿ ಹೋಗುತ್ತಲೇ ಎಣಿಸಿ ಹೇಳುತ್ತಾನೆ. ಆ ಎಣಿಕೆಯ ವಿದ್ಯೆಯ ಜೊತೆಗೆ ಪಗಡೆಯ ರಹಸ್ಯವನ್ನೂ ನಳನಿಗೆ ಕಲಿಸುತ್ತಾನೆ. ಎಣಿಕೆಗೂ ಜೂಜಿಗೂ ಇರುವ ನಂಟನ್ನು ಅಷ್ಟು ಹಿಂದೆಯೇ ಕಂಡ ಕಥೆ ಅದು. ಕಲಿತ ನಳ ಪುಷ್ಕರನನ್ನು ಸೋಲಿಸಿ ರಾಜ್ಯವನ್ನು ಮರಳಿ ಪಡೆದ. ಆದರೆ ಗೆದ್ದ ಮೇಲೆ ಅವನು ಪುಷ್ಕರನಿಗೆ ಅವನ ಪಾಲನ್ನು ಹಿಂದಿರುಗಿಸಿ ಕಳುಹಿಸುತ್ತಾನೆ. ಅಂತಹ ನಳನನ್ನು ಇಂದಿನ ಯಾವ ಪೋಕರ್ ಮೇಜಿನಲ್ಲಿ ಹುಡುಕೋಣ?

ನಮ್ಮ ದೇಶದ ಕಾನೂನು ಬಹುಕಾಲ ಜಾಣ್ಮೆ ಮತ್ತು ಅದೃಷ್ಟಗಳ ನಡುವಿನ ಗೆರೆಯನ್ನೇ ಹುಡುಕುತ್ತ ಬಂತು. 1967ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯನ್ನು ಮುಖ್ಯವಾಗಿ ಜಾಣ್ಮೆಯ ಆಟವೆಂದಿತು. ಮೂರೆಲೆಯ ಆಟವನ್ನು ಬರೀ ಅದೃಷ್ಟದ್ದೆಂದಿತು. ಆ ತೀರ್ಪಿನಲ್ಲಿಯೂ ಒಂದು ಎಚ್ಚರಿಕೆ ಇತ್ತು: ಪಣಕ್ಕಿಟ್ಟ ಆಟದಿಂದ ಆಡಿಸುವವನು ಲಾಭ ಮಾಡಿಕೊಂಡರೆ ಅಪರಾಧವಾಗಬಹುದು ಎಂದು. ರಮ್ಮಿಯನ್ನು ಉದಾಹರಿಸುವವರು ಈ ಭಾಗವನ್ನು ಏಕೋ ಮರೆಯುತ್ತಾರೆ. ಕರ್ನಾಟಕವು 2021ರಲ್ಲಿ ಪೊಲೀಸ್ ಕಾಯ್ದೆಯನ್ನು ತಿದ್ದಿ ಹಣದ ಆನ್‌ಲೈನ್ ಆಟಗಳನ್ನು ತಡೆಯಹೊರಟಾಗ ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಗೊಳಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯಾದರೋ, ಜಾಣ್ಮೆಯಿರಲಿ ಅದೃಷ್ಟವಿರಲಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟವನ್ನೇ ನಿಷೇಧಿಸಿತು. ಗೆರೆ ಎಳೆಯುವ ಪ್ರಯತ್ನವನ್ನೇ ಅದು ಕೈಬಿಟ್ಟಿತು ಎನ್ನಬಹುದು.

ಫಿಕ್‌ಹ್ ಓದಿದವರಿಗೆ ಇಲ್ಲಿ ಆಶ್ಚರ್ಯವಿಲ್ಲ. ಕುದುರೆ ಓಟ ಮತ್ತು ಬಿಲ್ಲುವಿದ್ಯೆ ಸಂಪೂರ್ಣ ಪರಿಶ್ರಮದ, ಜಾಣ್ಮೆಯ ಕಲೆಗಳು. ಪ್ರವಾದಿ(ಸ)ರವರು ಅವುಗಳನ್ನು ಪ್ರೋತ್ಸಾಹಿಸಿದ್ದರು. ಅವುಗಳಲ್ಲಿ ಆಡಳಿತಗಾರನೋ ಹೊರಗಿನವನೋ ಬಹುಮಾನ ಇಟ್ಟರೆ ಅಡ್ಡಿಯಿಲ್ಲ. ಆದರೆ ಸ್ಪರ್ಧಿಗಳಿಬ್ಬರೂ ತಮ್ಮ ತಮ್ಮ ಹಣವನ್ನು ಪಣಕ್ಕಿಟ್ಟು ಗೆದ್ದವನು ಎಲ್ಲವನ್ನೂ ಒಯ್ಯುವುದನ್ನು, ಏನನ್ನೂ ಪಣಕ್ಕಿಡದ ಮೂರನೆಯ ಸ್ಪರ್ಧಿಯೊಬ್ಬನು ಸೇರದ ಹೊರತು, ಬಹುತೇಕ ಫಿಕ್‌ಹ್ ಪಂಡಿತರು ಒಪ್ಪಲಿಲ್ಲ. ಕುದುರೆ ಸವಾರನ ಕೌಶಲದ ಬಗ್ಗೆ ಅವರಿಗೆ ಅನುಮಾನವಿರಲಿಲ್ಲ. ಹಣ ಹೇಗೆ ಕೈ ಬದಲಾಯಿಸುತ್ತದೆ ಎಂಬುದನ್ನು ಅವರು ನೋಡಿದರು.

‘ಮೈಸಿರ್’ ಎಂಬ ಪದದ ಹಿಂದಿರುವ ಆಟವನ್ನೂ ಸ್ವಲ್ಪ ನೋಡಬೇಕು. ಇಸ್ಲಾಮಿಗೆ ಮುಂಚಿನ ಅರಬರು ಒಂಟೆಯನ್ನು ಕೊಯ್ದು, ಚೀಲದಿಂದ ಬಾಣದ ಕಡ್ಡಿಗಳನ್ನು ಎತ್ತಿಸಿ ಮಾಂಸದ ಪಾಲು ನಿರ್ಧರಿಸುತ್ತಿದ್ದರು. ಹತ್ತು ಕಡ್ಡಿಗಳು. ಏಳಕ್ಕೆ ಒಂದರಿಂದ ಏಳರವರೆಗೆ ಪಾಲು, ಮೂರು ಬರಿದು. ಏಳು ಪಾಲಿನ ಕಡ್ಡಿಯ ಹೆಸರು ‘ಮುಅಲ್ಲಾ’. ದೊಡ್ಡ ಪಾಲು ಪಡೆದವನನ್ನು ಕುರಿತು ಆ ಹೆಸರಿನ ನುಡಿಗಟ್ಟು ಅರಬಿಯಲ್ಲಿ ಈಗಲೂ ಬಳಕೆಯಲ್ಲಿದೆ. ಸೋಜಿಗವೆಂದರೆ, ಗೆದ್ದವರು ಆ ಮಾಂಸವನ್ನು ಬಡವರಿಗೆ ಹಂಚಿ ಅದನ್ನೇ ಹೆಗ್ಗಳಿಕೆಯಾಗಿ ಹಾಡುತ್ತಿದ್ದರು. ಬರಗಾಲದ ಚಳಿಯಲ್ಲಿ ಹಸಿದವರ ಹೊಟ್ಟೆ ತುಂಬುತ್ತಿತ್ತು. ಸೂರಃ ಅಲ್ ಬಕರಃದ 219ನೆಯ ಸೂಕ್ತವು ಜೂಜಿನಲ್ಲಿ ಜನರಿಗೆ ಪ್ರಯೋಜನವೂ ಇದೆಯೆಂದು ಒಪ್ಪಿಕೊಂಡೇ ಅದರ ಕೇಡು ಪ್ರಯೋಜನಕ್ಕಿಂತ ದೊಡ್ಡದೆನ್ನುವುದನ್ನು ಈ ಹಿನ್ನೆಲೆಯಲ್ಲಿ ಓದಿದರೆ ಅದರ ನ್ಯಾಯಬುದ್ಧಿ ಅರಿವಾಗುತ್ತದೆ. ಬಡವನ ಊಟವೂ ಸಮರ್ಥನೆಯಾಗದ ಕಡೆ, ಆಡಿಸುವವನ ಐದು ರೂಪಾಯಿ ಯಾವ ಸಮರ್ಥನೆ ತಂದೀತು? ಸೂರಃ ಅಲ್ ಮಾಇದಃದ 91ನೆಯ ಸೂಕ್ತ ಕೊಡುವ ಕಾರಣವನ್ನೂ ಗಮನಿಸಬೇಕು: ಅದು ಹಗೆ ಮತ್ತು ದ್ವೇಷವನ್ನು, ಅಲ್ಲಾಹನ ಸ್ಮರಣೆಗೂ ನಮಾಝಿಗೂ ಬರುವ ಅಡ್ಡಿಯನ್ನು ಹೇಳುತ್ತದೆ. ಅಲ್ಲಿ ಅದೃಷ್ಟದ ಪ್ರಮಾಣ ಎಷ್ಟೆಂಬ ಪ್ರಶ್ನೆಯೇ ಇಲ್ಲ. ನೂರಕ್ಕೆ 35ಕ್ಕೆ ಒಂದು ವಿಧಿ, 19ಕ್ಕೆ ಇನ್ನೊಂದು ವಿಧಿ ಎಂದಿಲ್ಲ.

ಹಾಗೆಂದು ಸಾಧ್ಯತೆಯ ಗಣಿತವನ್ನೇ ಜೂಜುಕೋರರ ವಿದ್ಯೆಯೆಂದು ದೂರವಿಡುವ ಹಿರಿಯರ ಮಾತನ್ನು ನಾನು ಒಪ್ಪಲಾರೆ. 1654ರಲ್ಲಿ ಫ್ರಾನ್ಸಿನ ಪಾಸ್ಕಲ್ ಮತ್ತು ಫರ್ಮಾ ಜೂಜಿನ ಪ್ರಶ್ನೆಯೊಂದನ್ನು ಕುರಿತು ಬರೆದುಕೊಂಡ ಪತ್ರಗಳಿಂದ ಈ ಶಾಸ್ತ್ರ ಬೆಳೆಯಿತೆಂಬುದು ನಿಜ. ಇಂದು ಅದು ಔಷಧಿಯ ಪರೀಕ್ಷೆಗೂ ಮಳೆಯ ಮುನ್ಸೂಚನೆಗೂ ಬೇಕು. ಇನ್ನು ಆಯ್ಕೆಗಳನ್ನು ಎಣಿಸುವ ವಿದ್ಯೆಯಂತೂ ಅದಕ್ಕಿಂತ ಹಿಂದಿನದು. ಎಂಟನೆಯ ಶತಮಾನದಲ್ಲಿ ಬಸ್ರಾದ ಖಲೀಲ್ ಇಬ್ನ್ ಅಹ್ಮದ್ ಅರಬಿ ನಿಘಂಟು ಕಟ್ಟಲು ಅಕ್ಷರಗಳು ಎಷ್ಟು ಬಗೆಯಲ್ಲಿ ಕೂಡಬಹುದೆಂದು ಎಣಿಸಿದರು. ಮರ್ರಾಕಿಶ್ ನಗರದಲ್ಲಿ 1228ರಲ್ಲಿ ತೀರಿಕೊಂಡ ಇಬ್ನ್ ಮುನ್ಇಮ್ ಹತ್ತು ಬಣ್ಣಗಳ ರೇಷ್ಮೆ ದಾರಗಳಿಂದ ಎಷ್ಟು ಬಗೆಯ ಕುಚ್ಚುಗಳನ್ನು ಕಟ್ಟಬಹುದೆಂದು ಲೆಕ್ಕ ಹಾಕಿದರು. ಇಸ್ಪೀಟಿನ 52ರಿಂದ ಐದನ್ನು ಆರಿಸುವುದೂ ಅದೇ ಲೆಕ್ಕ.

ಆದ್ದರಿಂದ ತಂದೆತಾಯಂದಿರಲ್ಲಿ ನನ್ನ ಕೋರಿಕೆ: ಹತ್ತನೆಯ ತರಗತಿಯ ಗಣಿತದಲ್ಲಿ ಸಂಭವನೀಯತೆಯ ಪಾಠ ಬಂದಾಗ ಮಕ್ಕಳೊಡನೆ ಒಂದು ಸಂಜೆ ಕುಳಿತುಕೊಳ್ಳಿ. ಇಸ್ಪೀಟಿನ ಕಟ್ಟು ಮನೆಗೆ ಬರುವುದು ಬೇಡವೆನಿಸಿದರೆ ಹೊಲಿಗೆ ಪೆಟ್ಟಿಗೆಯಿಂದ ಹತ್ತು ಬಣ್ಣದ ದಾರಗಳನ್ನು ತೆಗೆದಿಡಿ. ಮೂರು ಮೂರು ದಾರದ ಕುಚ್ಚುಗಳೆಷ್ಟೆಂದು ಅವರೇ ಎಣಿಸಲಿ, 120 ಬರಬೇಕು. ಬಳಿಕ ಆರು ಬಟ್ಟಲುಗಳಲ್ಲಿ ಹತ್ತು ಹತ್ತು ಹುಣಿಸೆ ಬೀಜ ಹಾಕಿ, ಅವುಗಳನ್ನು ಒಂದರಿಂದ ಇನ್ನೊಂದಕ್ಕೆ ಅವರಿಗೆ ಇಷ್ಟ ಬಂದಂತೆ ಬದಲಾಯಿಸುತ್ತ ಹೋಗಲಿ. ಪ್ರತಿ ಸಲವೂ ಒಂದು ಬೀಜವನ್ನು ನೀವು ತೆಗೆದಿಟ್ಟುಕೊಳ್ಳಿ. ಯಾರ ಬಟ್ಟಲಲ್ಲಿ ಎಷ್ಟು ಉಳಿಯಿತೆಂದು ಕೊನೆಗೆ ಅವರನ್ನೇ ಕೇಳಿ.