ರಾತ್ರಿ ಎಬ್ಬಿಸುವ ನೋವು

ನೋಯ್ಡಾದ ನಮ್ಮ ಸೊಸೈಟಿಯಲ್ಲಿ ಕನ್ನಡದವರ ಮನೆಗಳು ನಾಲ್ಕೇ. ಅದರಲ್ಲೊಂದು ಮನೆಯ ಹುಡುಗ, ಹದಿನಾಲ್ಕರವನು, ಕಳೆದ ಚಳಿಗಾಲದಲ್ಲಿ ಬ್ಯಾಡ್ಮಿಂಟನ್ ಆಡುತ್ತಾ ಕುಂಟತೊಡಗಿದ. "ಉಳುಕಿರಬೇಕು, ಮುಲಾಮು ಹಚ್ಚೋ" ಅಂದವನು ನಾನೇ. ಬೆಳೆಯೋ ಮಕ್ಕಳಿಗೆ ಕಾಲುನೋವು ಸಹಜ ಅಂತ ಅವನಪ್ಪನಿಗೂ ಧೈರ್ಯ ಹೇಳಿದ್ದೆ. ಹತ್ತಿರದ ಕ್ಲಿನಿಕ್ಕಿನವರೂ ಎಕ್ಸ್‌ರೇ ತೆಗೆಸದೆ ಮಾತ್ರೆ ಕೊಟ್ಟು ಕಳಿಸಿದರು. ಮೂರು ತಿಂಗಳು ಹೀಗೇ ಹೋಯಿತು. ಹೋಳಿ ಹೊತ್ತಿಗೆ ಮೊಣಕಾಲಿನ ಮೇಲೆ ಗಟ್ಟಿ ಊತ, ರಾತ್ರಿ ನಿದ್ದೆಯಿಲ್ಲ. ಎಂಆರ್‌ಐ, ಬಯಾಪ್ಸಿ ಮುಗಿದಾಗ ಸಿಕ್ಕ ಹೆಸರು ಆಸ್ಟಿಯೋಸಾರ್ಕೋಮಾ.

ಆವತ್ತಿನಿಂದ ಓದುತ್ತಿದ್ದೇನೆ. ಮೂಳೆ ಅಂದರೆ ಕಲ್ಲಿನಂಥ ಜಡವಸ್ತು ಅಂದುಕೊಂಡಿದ್ದೆ. ಹಾಗಲ್ಲ. ಒಂದು ಬಗೆಯ ಕೋಶಗಳು ಹಳೇ ಮೂಳೆಯನ್ನು ಕರಗಿಸುತ್ತಿರುತ್ತವೆ, ಇನ್ನೊಂದು ಬಗೆಯವು ಹೊಸದನ್ನು ಕಟ್ಟುತ್ತಿರುತ್ತವೆ. ಮಕ್ಕಳು ದಿಢೀರನೆ ಎತ್ತರವಾಗುವ ವಯಸ್ಸಿನಲ್ಲಿ ಈ ಕಟ್ಟುವ ಕೆಲಸ ಅತಿ ಜೋರು, ಅದರಲ್ಲೂ ಮೊಣಕಾಲಿನ ಆಚೀಚೆ. ಆಸ್ಟಿಯೋಸಾರ್ಕೋಮಾ ಹೆಚ್ಚಾಗಿ ಕಾಣಿಸಿಕೊಳ್ಳುವುದೂ ಆ ವಯಸ್ಸಿನಲ್ಲೇ, ಅದೇ ಜಾಗದಲ್ಲೇ. ಕೆಟ್ಟ ಕೋಶಗಳು ಅಡ್ಡಾದಿಡ್ಡಿಯಾಗಿ ಅರೆಬೆಂದ ಮೂಳೆ ಕಟ್ಟುತ್ತಾ ಒಳ್ಳೆಯ ಮೂಳೆಯನ್ನು ತಿನ್ನುತ್ತವೆ. ಸಣ್ಣ ಪೆಟ್ಟಿಗೇ ಮುರಿಯುವಷ್ಟು ಅದು ಸೊರಗಬಹುದು. ರಕ್ತದ ಮೂಲಕ ಹೊರಟರೆ ಮೊದಲು ಮುಟ್ಟುವುದು ಸಾಮಾನ್ಯವಾಗಿ ಶ್ವಾಸಕೋಶವನ್ನು. ಅದಕ್ಕೇ ಕಾಲುನೋವಿನ ಹುಡುಗನಿಗೆ ಎದೆಯ ಸಿಟಿ ಸ್ಕ್ಯಾನ್. ಅವನಮ್ಮ "ಎದೆಗ್ಯಾಕೆ?" ಅಂತ ಕೇಳಿದಾಗ ನನ್ನ ಹತ್ತಿರ ಉತ್ತರವಿರಲಿಲ್ಲ.

ಆಟದಲ್ಲಿ ಬಿದ್ದಿದ್ದರಿಂದ ಬರುವ ರೋಗವಲ್ಲ ಇದು. ಬಿದ್ದ ನೆಪದಲ್ಲಿ ಕಣ್ಣಿಗೆ ಬೀಳುತ್ತದೆ, ಅಷ್ಟೆ. ದೊಡ್ಡವರ ಮೂಳೆಯಲ್ಲಿ ಸಿಗುವ ಕ್ಯಾನ್ಸರ್ ಬೇರೆ ಕಥೆ: ಹೆಚ್ಚಿನ ಸಲ ಅದು ಸ್ತನ, ಪ್ರಾಸ್ಟೇಟ್ ಅಥವಾ ಶ್ವಾಸಕೋಶದಿಂದ ಬಂದ ಅತಿಥಿ.

ಮಕ್ಕಳ ಕಾಲುನೋವೆಲ್ಲ ಕ್ಯಾನ್ಸರ್ ಅಲ್ಲ, ಲಕ್ಷಕ್ಕೊಂದು ಇರಬಹುದಾದ ಅಪರೂಪದ ರೋಗವಿದು. ಬೆಳವಣಿಗೆಯ ನೋವು ಸಾಮಾನ್ಯವಾಗಿ ಎರಡೂ ಕಾಲಿಗೆ ಬರುತ್ತದೆ, ಬೆಳಗ್ಗೆ ಮಾಯವಾಗುತ್ತದೆ. ಒಂದೇ ಜಾಗದಲ್ಲಿ ವಾರಗಟ್ಟಲೆ ನಿಂತು, ನಿದ್ದೆಯಿಂದ ಎಬ್ಬಿಸಿ, ಊತ ತಂದರೆ ಎಕ್ಸ್‌ರೇ ಬೇಕೇ ಬೇಕು. ಎಣ್ಣೆ ಹಾಕಿ ತಿಕ್ಕಿಸುವುದು, ನಾಟಿ ಕಟ್ಟು ಕಟ್ಟಿಸುವುದು ಅಂತೂ ಕೂಡದು. ಬಯಾಪ್ಸಿಯನ್ನು ಕೂಡ, ಮುಂದೆ ಆಪರೇಷನ್ ಮಾಡುವ ತಂಡವೇ ಮಾಡುವುದು ಕ್ಷೇಮ. ಸೂಜಿ ಹೋದ ದಾರಿಯನ್ನೂ ಗಡ್ಡೆಯ ಜೊತೆ ತೆಗೆಯಬೇಕಾಗುತ್ತದೆ.

ಈಗ ಏಮ್ಸ್‌ಗೆ ಓಡಾಟ. ಮೆಟ್ರೋ ಸ್ಟೇಷನ್ನಿನಿಂದ ಹೊರಬಂದರೆ ಫುಟ್‌ಪಾತಿನ ತುಂಬ ಚಾದರ ಹಾಸಿ ಕೂತ ಬಿಹಾರ, ಯುಪಿಯ ಕುಟುಂಬಗಳು, ಎಲ್ಲರ ಕೈಯಲ್ಲೂ ಎಕ್ಸ್‌ರೇ ಲಕೋಟೆ. ನಮಗೆ ರಾತ್ರಿ ಮರಳಲು ಮನೆಯಿದೆ. ಮೊದಲು ಸುಮಾರು ಹತ್ತು ವಾರ ಕೀಮೋ, ಆಮೇಲೆ ಆಪರೇಷನ್, ಮತ್ತೆ ಕೀಮೋ. ಡಾಕ್ಸೋರುಬಿಸಿನ್ ಎಂಬ ಕೆಂಪು ಔಷಧಿ ಏರಿದ ದಿನ ಮೂತ್ರವೂ ಕೆಂಪು. ಹುಡುಗ ಮೊದಲ ಸಲ ಕಿರುಚಿಕೊಂಡಿದ್ದ. 1970ಕ್ಕೆ ಮುಂಚೆ ಕಾಲು ಕತ್ತರಿಸಿದರೂ ಐವರಲ್ಲಿ ಒಬ್ಬ ಬದುಕಿದರೆ ಹೆಚ್ಚು. ಈಗ ಹರಡುವ ಮುಂಚೆ ಸಿಕ್ಕಿದರೆ ಮೂವರಲ್ಲಿ ಇಬ್ಬರು ಉಳಿಯುತ್ತಾರೆ, ಹೆಚ್ಚಿನವರ ಕಾಲೂ ಉಳಿಯುತ್ತದೆ, ಒಳಗೆ ಲೋಹದ ಮೂಳೆ ಇಟ್ಟು. ಇವನ ಎದೆಯ ಸ್ಕ್ಯಾನ್ ಸದ್ಯಕ್ಕೆ ಸ್ವಚ್ಛ.

ಅವನಿಗೆ ಟೆರಿ ಫಾಕ್ಸ್ ಕಥೆ ಹೇಳಿದೆ. ಕೆನಡಾದ ಹುಡುಗ, ಮೊಣಕಾಲು ನೋವನ್ನು ಬಾಸ್ಕೆಟ್‌ಬಾಲ್ ಸೀಸನ್ ಮುಗಿಯಲಿ ಅಂತ ತಳ್ಳಿಹಾಕಿದ್ದ. 1977ರಲ್ಲಿ ಹದಿನೆಂಟಕ್ಕೇ ಬಲಗಾಲು ಹೋಯಿತು. 1980ರಲ್ಲಿ ಕೃತಕ ಕಾಲಿನಲ್ಲಿ 143 ದಿನ, 5,373 ಕಿಲೋಮೀಟರ್ ಓಡಿದ. ಅಷ್ಟು ಹೇಳಿ ನಿಲ್ಲಿಸಿದ್ದೆ.

"ಆಮೇಲೆ?" ಅಂದ.

ಸುಳ್ಳು ಹೇಳಲಾಗಲಿಲ್ಲ. ರೋಗ ಶ್ವಾಸಕೋಶಕ್ಕೆ ಬಂದು 1981ರಲ್ಲಿ ತೀರಿಕೊಂಡ, ಆಗ ಕೀಮೋ ಈಗಿನಷ್ಟು ಬೆಳೆದಿರಲಿಲ್ಲ ಅಂದೆ. ಸ್ವಲ್ಪ ಹೊತ್ತು ಮೊಬೈಲ್ ನೋಡುತ್ತಾ ಸುಮ್ಮನಿದ್ದ.

"ಅಂಕಲ್, ಅಷ್ಟು ದೂರ ಅಂದ್ರೆ ದಿಲ್ಲಿಯಿಂದ ಬೆಂಗಳೂರಿಗೆ ಹೋಗಿ, ವಾಪಸ್ ಬಂದು, ಮತ್ತೆ ಅರ್ಧ ದಾರಿ!"

ಮುಂದಿನ ತಿಂಗಳು ಆಪರೇಷನ್.